ಮೊದಲ ದೋಸೆ ಮಾರುವ ಲೋಕ

ನನ್ನ ಕೈ ಸೀರಿಯಲ್ಲಿನಲ್ಲಿ ಬಂದಿದೆ. ಮುಖ ಬಂದಿಲ್ಲ, ದನಿ ಬಂದಿಲ್ಲ, ಮೊಣಕೈಯಿಂದ ಕೆಳಗೆ ಮಾತ್ರ. ಹೆಬ್ಬೆರಳಿನ ಬುಡದಲ್ಲಿ ಎಣ್ಣೆ ಸಿಡಿದು ಆದ ಹಳೆಯ ಕಲೆ ಕೂಡ ಸ್ಪಷ್ಟವಾಗಿ ಕಾಣುತ್ತದೆ. ಒಟ್ಟು ಹನ್ನೊಂದು ಸೆಕೆಂಡು. ಇದನ್ನು ನಾನು ಎಷ್ಟು ಜನರಿಗೆ ತೋರಿಸಿದ್ದೇನೆಂದರೆ, ವಡೋದರಾದ ಗೋರ್ವಾ ಬಡಾವಣೆಯ ನಮ್ಮ ಹೋಟೆಲಿಗೆ ದಿನಾ ಬರುವವರು ನಾನು ಮೊಬೈಲ್ ಎತ್ತಿದ ಕೂಡಲೇ ಚಟ್ನಿಯ ಕಡೆ ನೋಡಲು ಶುರು ಮಾಡುತ್ತಾರೆ. ನೋಡಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ಎನ್ನಲಿ. ಆ ಹನ್ನೊಂದು ಸೆಕೆಂಡನ್ನು ಬರೆದವಳು ನನ್ನ ಮಗಳು.

ನಮ್ಮದು ಎಂಟು ಮೇಜಿನ ಹೋಟೆಲು. ಗಲ್ಲಾದಲ್ಲಿ ನಮ್ಮವರು, ಕಾವಲಿಯ ಮುಂದೆ ನಾನು. ಉಡುಪಿ ಹೋಟೆಲಿನಲ್ಲಿ ಕಾವಲಿ ಗಂಡಸರದ್ದು ಅಂತ ಒಂದು ಕ್ರಮ ಉಂಟು. ನಮ್ಮಲ್ಲಿ ಅದು ತಿರುಗಿ ನಿಂತದ್ದು ನನ್ನ ಸಿಟ್ಟಿನಿಂದ. ಸೂರತ್ತಿನ ಒಟ್ಟು ಕುಟುಂಬದಿಂದ ಬೇರೆಯಾಗಿ ವಡೋದರಾಕ್ಕೆ ಬಂದು ಹೋಟೆಲು ಹಾಕಿದ ಹೊಸತರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವಳು ನಾನೇ. ಒಂದು ದಿನ ಒಬ್ಬ ಗುಜರಾತಿ ಹಿರಿಯರು, ಸಾಂಬಾರಿಗೆ ಇನ್ನೂ ಸ್ವಲ್ಪ ಸಕ್ಕರೆ ಬೀಳಬೇಕು ಬೆನ್, ಎಂದರು. ಹಾಗಾದರೆ ನಿಮ್ಮ ಚಹಾಕ್ಕೆ ಹುಳಿ ಹಿಂಡಿ ಕೊಡಲೇ ಎಂದು ನಾನು ಕೇಳಿದೆ. ಮರುದಿನ ನಮ್ಮವರು ಸಟ್ಟುಗವನ್ನು ನನ್ನ ಕೈಗೆ ಕೊಟ್ಟು ತಾವು ಗಲ್ಲಾಕ್ಕೆ ಹೋಗಿ ಕೂತರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅವರಿಗೆ ಅದು ಎಲ್ಲಿದೆ ಎಂದು ಇನ್ನೂ ಗೊತ್ತಾಗಿಲ್ಲ. ಹಾಗಾಗಿ ಹೋಟೆಲು ನಡೆಯುತ್ತಿದೆ.

ಮಗಳು ಬೆಳೆದದ್ದು ಆ ಹೋಟೆಲಿನ ಕೈತೊಳೆಯುವ ಬೇಸಿನ್ ಪಕ್ಕದ ಮೇಜಿನಲ್ಲಿ. ಗಿರಾಕಿಗಳು ಅಲ್ಲಿ ಕೂರಲು ಇಷ್ಟಪಡುವುದಿಲ್ಲ, ಹಾಗಾಗಿ ಅದು ಅವಳದ್ದಾಯಿತು. ಶಾಲೆಯಿಂದ ಬಂದವಳು ಪುಸ್ತಕ ಬಿಡಿಸಿ, ಅದರ ನಡುವೆ ಮೊಬೈಲ್ ಇಟ್ಟು, ಒಂದು ಪರದೇಶದ ಸೀರಿಯಲ್ ನೋಡುವಳು. ಅದರಲ್ಲಿ ಎರಡು ಲೋಕ. ಇಲ್ಲಿ ಇರುವವರೆಲ್ಲ ಅಲ್ಲಿಯೂ ಇದ್ದಾರೆ, ಆದರೆ ಬೇರೆ ಥರ ಇದ್ದಾರೆ. ಇಲ್ಲಿ ಸತ್ತವನು ಅಲ್ಲಿ ಬದುಕಿ ಕಾಫಿ ಕುಡಿಯುತ್ತಾನೆ. ಇಲ್ಲಿಯ ಪೊಲೀಸು ಅಲ್ಲಿಯ ಕಳ್ಳ. ಗಣಿತದಲ್ಲಿ ಅಷ್ಟಕ್ಕಷ್ಟೇ ಅಂಕ ತರುತ್ತಿದ್ದ ಈ ಹುಡುಗಿ ಆ ಎರಡು ಲೋಕಗಳ ಲೆಕ್ಕವನ್ನು ಮಾತ್ರ ಒಂದಿಷ್ಟೂ ತಪ್ಪಿಸುತ್ತಿರಲಿಲ್ಲ. ನಾನು ಎಷ್ಟು ಸಲ ಆ ಮೊಬೈಲನ್ನು ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದೇನೋ ದೇವರಿಗೇ ಗೊತ್ತು.

ಅವಳ ಕನ್ನಡವೂ ನನಗೊಂದು ತಲೆಬಿಸಿ. ಶುರು ಮಾಡುವುದು ಕನ್ನಡದಲ್ಲಿ, ನಡುವೆ ಹಿಂದಿ, ಮುಗಿಸುವುದು ಗುಜರಾತಿಯಲ್ಲಿ, ಸಿಟ್ಟು ಬಂದರೆ ಇಂಗ್ಲಿಷು. ಓದಲು ಬರೆಯಲು ಕಲಿಯಲೇ ಇಲ್ಲ. ಈಗ ನಾನು ಬರೆಯುತ್ತಿರುವ ಇದನ್ನೂ ಅವಳು ಓದಲಾರಳು, ನಾನೇ ಫೋನಿನಲ್ಲಿ ಓದಿ ಹೇಳಬೇಕು. ಹೆಸರು ಮಾತ್ರ ಬರೆಯಬೇಡ ಎಂದು ಅಪ್ಪಣೆಯಾಗಿದೆ. ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಒಪ್ಪಿದ್ದೇನೆ.

ಕಾಮರ್ಸ್ ಮುಗಿಸಿದ ಮೇಲೆ ಅವಳು ಅಹಮದಾಬಾದಿಗೆ ಹೋದಳು. ಅಲ್ಲಿ ಐದು ಜನ ಒಂದು ಕೋಣೆಯಲ್ಲಿ ಕೂತು ಸೀರಿಯಲ್ ಬರೆಯುತ್ತಾರಂತೆ, ಮೊಬೈಲಿನಲ್ಲಿ ಬರುವಂಥದ್ದು. ಐವರಲ್ಲಿ ಇವಳೇ ಕಿರಿಯಳು. ಕಥೆ ಯಾವುದು ಅಂದರೆ, ಮತ್ತೆ ಅದೇ, ಎರಡು ಲೋಕದ್ದು. ಆದರೆ ಈ ಸಲ ಗುಜರಾತಿನ ಎರಡು ಲೋಕ. ಸೂರತ್ತಿನಲ್ಲಿರುವ ಭಾವ ಮತ್ತು ಓರಗಿತ್ತಿ ಫೋನು ಮಾಡಿ, ಹುಡುಗಿಗೆ ಎಂತ ಕೆಲಸ ಅಂತ ಕೇಳಿದಾಗ ನನ್ನ ಬಾಯಿಂದ ಬಂದದ್ದು, ಕಂಪ್ಯೂಟರ್ ಕಂಪನಿ. ಭಾವನ ಇಬ್ಬರು ಮಕ್ಕಳೂ ಹೋಟೆಲು ದೊಡ್ಡದು ಮಾಡಿದವರು. ನನ್ನ ಮಗಳು ಇಲ್ಲದ ಲೋಕದ ಕಥೆ ಕಟ್ಟುತ್ತಾಳೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ನಾಚಿಕೆ ಅಂತಲೇ ಬರೆಯುತ್ತೇನೆ, ಬೇರೆ ಹೆಸರು ಕೊಡುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಒಂದಲ್ಲ ಒಂದು ದಿನ ಹೊರಬೀಳುತ್ತದೆ ಎಂದು ನಮ್ಮವರು ಎಚ್ಚರಿಸಿದರು. ಬಂದಾಗ ನೋಡಿಕೊಳ್ಳುವ ಎಂದೆ.

ಎಂಟು ತಿಂಗಳು ಅವಳು ಬರೆದ ಒಂದು ಸಾಲೂ ಶೂಟಿಂಗಿನ ತನಕ ಹೋಗಲಿಲ್ಲ. ಹಿರಿಯ ಬರಹಗಾರ ಒಬ್ಬ ಇದ್ದನಂತೆ, ಎಲ್ಲದಕ್ಕೂ ಚೆನ್ನಾಗಿದೆ ಎನ್ನುವನು, ಎಲ್ಲವನ್ನೂ ತೆಗೆದುಹಾಕುವನು. ತೆರೆಯ ಮೇಲೆ ಬರಹಗಾರರ ಪಟ್ಟಿ ಬರುತ್ತದಲ್ಲ, ಅದರಲ್ಲಿ ಹೆಸರು ಬರಬೇಕಾದರೆ ಅವಳದ್ದೇ ಎನ್ನುವಂಥ ಒಂದಾದರೂ ಸಂಗತಿ ಕಥೆಯಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಓಡುವ ಸಹಾಯಕರ ಸಾಲಿನಲ್ಲಿ ಮಾತ್ರ. ಮುಂದಿನ ಕೆಲಸ ಸಿಗುವುದು ಆ ಪಟ್ಟಿ ನೋಡಿಯೇ.

ಒಂದು ಭಾನುವಾರ ಅವಳು ಮನೆಗೆ ಬಂದಿದ್ದಳು. ಮಧ್ಯಾಹ್ನ ನಾನು ನೀರುಳ್ಳಿ ಸುಲಿಯುತ್ತಿದ್ದೆ, ಅವಳು ಎದುರು ಕೂತು ಸುಲಿಯುವ ನಾಟಕ ಮಾಡುತ್ತಿದ್ದಳು. ಮುಖ ಬಾಡಿತ್ತು. ಎಂತ ಆಯ್ತು ಅಂತ ನಾಲ್ಕು ಸಲ ಕೇಳಿದ ಮೇಲೆ ಹೇಳಿದಳು. ಎರಡು ಲೋಕದ ಕಥೆಗೆ ಕೆಲವು ನಿಯಮಗಳಿವೆಯಂತೆ. ನೋಡುವವನು ಮೂರು ಗುಟುಕು ಚಹಾ ಕುಡಿಯುವುದರೊಳಗೆ ಇದು ಯಾವ ಲೋಕ ಎಂದು ಅವನಿಗೆ ಗೊತ್ತಾಗಿಬಿಡಬೇಕು. ಅದಕ್ಕೆ ಹಳೆಯ ಉಪಾಯ ಅಂದರೆ ಬಣ್ಣ. ಒಂದು ಲೋಕ ಸ್ವಲ್ಪ ನೀಲಿ, ಇನ್ನೊಂದು ಸ್ವಲ್ಪ ಹಳದಿ. ಇಲ್ಲವೇ ಒಬ್ಬಳೇ ನಟಿಗೆ ಒಂದು ಕಡೆ ಬೈತಲೆ ನಡುವೆ, ಇನ್ನೊಂದು ಕಡೆ ಪಕ್ಕಕ್ಕೆ. ಗಂಡಸಾದರೆ ಆ ಲೋಕದವನಿಗೆ ಗಡ್ಡ.

ನನಗೆ ನಗು ಬಂತು. ಬೈತಲೆ ಬದಲಿಸಿದರೆ ಬೇರೆ ಹೆಂಗಸಾಗುವುದಾದರೆ ಮದುವೆ ಮನೆಗೆ ಹೋಗುವಾಗ ನಾನು ಯಾರಾಗುತ್ತೇನೆ ಎಂದು ಕೇಳಿದೆ. ಅವಳು ನಗಲಿಲ್ಲ. ಬಣ್ಣದ ಉಪಾಯವೂ ಈಗ ನಡೆಯುವುದಿಲ್ಲ ಎಂದಳು. ನಮ್ಮ ಹೋಟೆಲಿನ ಗಿರಾಕಿಗಳನ್ನೇ ನೋಡಿ ಅವಳಿಗೆ ಇದು ಹೊಳೆದದ್ದಂತೆ. ಅರ್ಧಕ್ಕರ್ಧ ಜನ ಕಣ್ಣಿಗೆ ಹಿತ ಎಂದು ಮೊಬೈಲಿನ ಬೆಳಕನ್ನೇ ಹಳದಿ ಮಾಡಿಟ್ಟುಕೊಂಡಿರುತ್ತಾರೆ. ಅವರಿಗೆ ಎಲ್ಲ ಲೋಕವೂ ಹಳದಿಯೇ. ಇದನ್ನು ಆ ಕೋಣೆಯಲ್ಲಿ ಹೇಳಿದಾಗ ಹಿರಿಯ ಬರಹಗಾರ, ಹಾಗಾದರೆ ನೀನೇ ಬೇರೆ ಗುರುತು ತಾ, ಎಂದನಂತೆ. ತರಲಾಗದೆ ಇವಳು ಬಸ್ಸು ಹತ್ತಿ ಮನೆಗೆ ಬಂದಿದ್ದಾಳೆ.

"ಗುರುತು ಮಾತ್ರ ಅಲ್ಲ ಅಮ್ಮ. ಎಲ್ಲ ಚೇಂಜ್ ಆಗ್ಬಹುದು, ಪಣ್ ಒಂದು ಚೀಜ್ ಚೇಂಜ್ ಆಗ್ಬಾರ್ದು. ಅದಿಲ್ಲದಿದ್ರೆ ಅವಳೂ ಇವಳೂ ಒಬ್ಬಳೇ ಅಂತ ಯಾರು ಮಾನ್ತಾರೆ? ಆ ಒಂದು ನನಗೆ ಸಿಗ್ತಾ ಇಲ್ಲ."

ಮರುದಿನ ಬೆಳಿಗ್ಗೆ ಅವಳು ಅಹಮದಾಬಾದಿನ ಬಸ್ಸಿಗೆ ಹೊರಡುವ ಮೊದಲು ಹೋಟೆಲಿಗೆ ಬಂದು ತನ್ನ ಹಳೆಯ ಮೇಜಿನಲ್ಲಿ ಕೂತಳು. ನಾನು ಕಾವಲಿಗೆ ನೀರು ಚಿಮುಕಿಸಿ, ಅರ್ಧ ನೀರುಳ್ಳಿಯಿಂದ ಎಣ್ಣೆ ಉಜ್ಜಿ, ಮೊದಲ ದೋಸೆ ಹೊಯ್ದು, ಮಗುಚಿ, ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಎರಡನೆಯದನ್ನು ಗಿರಾಕಿಯ ತಟ್ಟೆಗೆ ಹಾಕಿದೆ. ನನ್ನ ಕೈಯನ್ನೇ ನೋಡುತ್ತಿದ್ದ ಅವಳು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದಳು. ಬಸ್ಸು ತಪ್ಪುತ್ತದೆ ಅಂತ ಇರಬೇಕು ಎಂದುಕೊಂಡೆ.

ಆ ಮೊದಲ ದೋಸೆಯ ಕ್ರಮ ನನಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಸೂರತ್ತಿಗೆ ಬಂದಾಗ ಬಟ್ಟೆ ಮಾರ್ಕೆಟ್ಟಿನ ಹಿಂದೆ ನಮ್ಮ ಮನೆಯವರ ಹೋಟೆಲಿತ್ತು. ಬೆಳಿಗ್ಗೆ ಸೀರೆಯ ಗಂಟು ಹೊರುವವರು ಸಾಲಾಗಿ ನಿಂತಿರುವರು, ಆ ಗಡಿಬಿಡಿಯ ಹೊತ್ತಿಗೆ ಮಾತ್ರ ಮನೆಯ ಹೆಂಗಸರೂ ಕಾವಲಿಗೆ ನಿಲ್ಲುವುದಿತ್ತು. ಮೊದಲ ದಿನ ನಾನು ಹೊಸ ಹುರುಪಿನಲ್ಲಿ ಮೊದಲನೆಯ ದೋಸೆಯನ್ನೇ ತಟ್ಟೆಗೆ ಹಾಕಿ ಮುಂದೆ ನೂಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿಯೇ ಹಿಡಿದರು, ಎರಡು ಬಳೆ ಒಡೆಯಿತು.

"ಮೊದ್ಲಿಂದು ನಮ್ದಲ್ಲ ಹೆಣ್ಣೇ. ಹಸ್ದವ್ರು ಯಾರು ಬತ್ರೋ ಅವ್ರದ್ದು. ಅದ್ನ ಮಾರುದಲ್ಲ."

ಆಮೇಲೆ ಅವರು ಅದನ್ನು ಕಿಟಕಿಯಲ್ಲಿಟ್ಟರು. ಕಾಗೆ ಬಂದರೆ ಕಾಗೆಗೆ, ಅಳಿಲು ಬಂದರೆ ಅಳಿಲಿಗೆ, ಮನುಷ್ಯರು ಕೈ ಚಾಚಿದರೆ ಮನುಷ್ಯರಿಗೆ. ಬಳೆ ಒಡೆದದ್ದಕ್ಕೆ ನನಗೆ ಮೂರು ದಿನ ಸಿಟ್ಟಿತ್ತು. ನಾಲ್ಕನೆಯ ದಿನದಿಂದ ಇವತ್ತಿನವರೆಗೆ ಮೊದಲ ದೋಸೆ ಮಾರಿದವಳಲ್ಲ. ನಮ್ಮವರು ಮಾತ್ರ ಇದಕ್ಕೆ ಬೇರೆಯೇ ಅರ್ಥ ಹೇಳಿ ಕೆಣಕುತ್ತಾರೆ. ಕಾವಲಿ ಹದಕ್ಕೆ ಬರುವ ಮೊದಲು ಹೊಯ್ದ ದೋಸೆ ಹೇಗೂ ಏಳುವುದಿಲ್ಲ, ಹರಿದದ್ದು ಕಾಗೆಗೆ, ಪುಣ್ಯ ನಿನಗೆ, ಎನ್ನುತ್ತಾರೆ. ಅವರ ತಾಯಿ ಬದುಕಿದ್ದಾಗ ಇದನ್ನು ಹೇಳುವ ಧೈರ್ಯ ಇರಲಿಲ್ಲ.

ಆ ವಾರವೇ ಮಗಳ ಫೋನು ಬಂತು. ಗುರುತು ಸಿಕ್ಕಿದೆ, ಡೈರೆಕ್ಟರು ಒಪ್ಪಿದ್ದಾನೆ, ಒಂದು ಮಧ್ಯಾಹ್ನಕ್ಕೆ ನಮ್ಮ ಹೋಟೆಲು ಬೇಕು ಎಂದಳು. ಕಥೆ ಹೀಗೆ. ಹೋಟೆಲಿಗೆ ಬಂದ ನಾಯಕ ಕೈ ತೊಳೆಯಲು ಹಿಂದಕ್ಕೆ ಹೋಗುತ್ತಾನೆ, ಬಾಗಿಲು ತೆಗೆದು ಹೊರಗೆ ಬಂದರೆ ಅದು ಇನ್ನೊಂದು ಲೋಕದ ಅದೇ ಹೋಟೆಲು. ಅದೇ ಮೇಜು, ಅದೇ ಗೋಡೆ. ಕಾವಲಿಯ ಮುಂದೆ ಅದೇ ಹೆಂಗಸು. ನಮ್ಮ ಲೋಕದವಳು ಮೊದಲ ದೋಸೆಯನ್ನು ಕಿಟಕಿಯಲ್ಲಿಡುತ್ತಾಳೆ. ಆ ಲೋಕದವಳು ಅದನ್ನು ಮಾರುತ್ತಾಳೆ. ಒಂದು ಸಲ ನೋಡಿದವನಿಗೆ ಮುಂದೆ ಹೇಳಿಕೊಡುವುದೇ ಬೇಡ, ದೋಸೆ ಎಲ್ಲಿಗೆ ಹೋಯಿತು ಎಂಬುದರಲ್ಲೇ ಯಾವ ಲೋಕ ಎಂದು ತಿಳಿಯುತ್ತದೆ.

ನನ್ನ ಮೈ ಉರಿದುಹೋಯಿತು. ನನ್ನ ಹೋಟೆಲಿನಲ್ಲಿ, ನನ್ನ ಕಾವಲಿಯ ಮೇಲೆ, ಮೊದಲ ದೋಸೆ ಮಾರುವುದಾ? ಅಜ್ಜಿಯ ಹೆಸರಿಗೆ ಮಸಿ ಬಳಿಯಲು ನಿನಗೆ ಬೇರೆ ಜಾಗ ಸಿಗಲಿಲ್ಲವಾ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, ಅವಳು ನೀನಲ್ಲ ಅಮ್ಮ, ಆ ಲೋಕದವಳು. ಅಲ್ಲಿ ಅಜ್ಜಿ ಇರಲೇ ಇಲ್ಲ.

ಹಿರಿಯ ಬರಹಗಾರ ಈ ದೋಸೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಹಟ ಹಿಡಿದಿದ್ದಾನೆ, ಡೈರೆಕ್ಟರು ಒಂದೇ ಮಧ್ಯಾಹ್ನ ಕೊಟ್ಟಿದ್ದಾನೆ, ಅಷ್ಟರಲ್ಲಿ ಆಗದಿದ್ದರೆ ಮತ್ತೆ ನೀಲಿ ಹಳದಿ, ನನ್ನ ಹೆಸರು ಇಲ್ಲ, ಎಂದೂ ಅವಳು ಸೇರಿಸಿದಳು. ಬನ್ನಿ ಎಂದೆ.

ಬಂದರು. ಮಧ್ಯಾಹ್ನದ ಊಟ ಮುಗಿದು ಹೋಟೆಲು ಮುಚ್ಚುವುದು ಎರಡೂವರೆಗೆ, ಸಂಜೆಯ ತಿಂಡಿಗೆ ತೆರೆಯುವುದು ಐದಕ್ಕೆ. ನಡುವಿನ ಹೊತ್ತು ಅವರದ್ದು. ಇಪ್ಪತ್ತು ಜನ, ಹಾವಿನ ಹಾಗೆ ವಯರುಗಳು. ಡೈರೆಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬೇಕು, ನನ್ನನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆದ. ನಟಿ ಒಳ್ಳೆಯ ಹೆಂಗಸು. ಆದರೆ ಸಟ್ಟುಗ ಹಿಡಿದದ್ದು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅವರು ಹೊಯ್ದ ದೋಸೆ ಕಚ್ಛ್‌ನ ನಕ್ಷೆಯಾಯಿತು. ಎರಡು ಸಲ ನೋಡಿ ಡೈರೆಕ್ಟರು, ಮುಖ ಇವರದ್ದು ತೆಗೆಯೋಣ, ಕೈ ಮಾಸಿಯದ್ದು ಇರಲಿ, ಎಂದ. ನನ್ನ ಸೀರೆಯ ಮೇಲೆ ನಟಿಯ ಸೀರೆಯ ಬಣ್ಣದ್ದೇ ಒಂದು ಸೆರಗು ಹೊದೆಸಿದರು.

ನಮ್ಮ ಲೋಕದ ಕೈ ಒಂದೇ ಸಲಕ್ಕೆ ಆಯಿತು. ಆಗದೆ ಏನು, ದಿನಾ ಮಾಡುವುದೇ. ಎಲ್ಲರೂ ವಾಹ್ ಮಾಸಿ ಎಂದರು. ಬಾಗಿಲ ಬಳಿ ನಿಂತಿದ್ದ ಮಗಳು ಉಗುರು ಕಚ್ಚುವುದನ್ನು ನಿಲ್ಲಿಸಿದಳು.

ಆಮೇಲೆ ಆ ಲೋಕದ ಕೈ. ಬಳೆ ತೆಗೆಸಿ ಗಡಿಯಾರ ಕಟ್ಟಿದರು. ನಾನು ನೀರು ಚಿಮುಕಿಸಿದೆ, ನೀರುಳ್ಳಿ ಉಜ್ಜಿದೆ, ಹೊಯ್ದೆ, ಮಗುಚಿದೆ, ತೆಗೆದೆ, ಕಿಟಕಿಯಲ್ಲಿಟ್ಟೆ. ಕಟ್ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾವಲಿ ಆರಿಸಿ, ತೊಳೆದು, ದೀಪ ಸರಿಮಾಡಿ ಮತ್ತೆ ಶುರು. ಈ ಸಲ ಹೊಯ್ಯುವಾಗಲೇ ತಟ್ಟೆ, ತಟ್ಟೆ, ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ದೋಸೆ ಕಿಟಕಿಗೆ ಹೋಯಿತು. ಮೂರನೆಯ ಸಲ ಅರ್ಧ ದಾರಿಗೆ ಹೋಗಿ ನೆನಪಾಯಿತು, ಕೈ ಅಲ್ಲೇ ನಿಂತಿತು, ಹಿಂದಕ್ಕೆ ತಂದು ತಟ್ಟೆಗೆ ಹಾಕಿದೆ. ಇದು ಬೇಡ, ತಡವರಿಸಿತು ಎಂದರು. ನಾಲ್ಕನೆಯ ಸಲ ಮತ್ತೆ ಪೂರ್ತಿ ಕಿಟಕಿಗೆ. ಕಿಟಕಿಯ ಹೊರಗೆ ಕಾಗೆಗಳು ಮದುವೆ ಮನೆಯ ಹಾಗೆ ಸೇರಿದ್ದವು.

ಆಗ ಯಾರೂ ನಗಲಿಲ್ಲ. ಗಂಟೆ ನಾಲ್ಕಾಗಿತ್ತು. ಹಿರಿಯ ಬರಹಗಾರನೂ ಬಂದಿದ್ದ, ಅವನು ಡೈರೆಕ್ಟರಿನ ಕಿವಿಯ ಬಳಿ ಬಗ್ಗಿ, ಬಣ್ಣದಲ್ಲೇ ಮಾಡಿದರೆ ಹತ್ತು ನಿಮಿಷದ ಕೆಲಸ, ಎಂದದ್ದು ನನಗೆ ಕೇಳಿಸಿತು. ಅವನಿಗೆ ಎರಡು ಮಾತು ಹೇಳಲು ಬಾಯಿ ತೆರೆದೆ, ಮಗಳ ಮುಖ ಕಂಡು ಮುಚ್ಚಿದೆ. ಅವಳು ಅಳುತ್ತಿರಲಿಲ್ಲ. ತನ್ನ ಹಳೆಯ ಮೇಜಿನಲ್ಲಿ ಕೂತು ಕಾಗದ ಮಡಚಿ ಚೀಲದೊಳಗಿಡುತ್ತಿದ್ದಳು. ಎಂಟು ತಿಂಗಳು ಅವಳ ಬರಹವನ್ನು ಬೇರೆಯವರು ತೆಗೆದುಹಾಕಿದ್ದರು, ಇವತ್ತು ಹೆತ್ತ ತಾಯಿಯೇ ತೆಗೆದುಹಾಕುತ್ತಿದ್ದಾಳೆ.

ನಾನು ರುಬ್ಬುವ ಕೋಣೆಗೆ ಹೋಗಿ ನಿಂತೆ. ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂದದ್ದು ಅದೇ ಮೊದಲು. ನಮ್ಮವರು ಹಿಂದೆಯೇ ಬಂದರು. ಬೈಯಲು ಬಂದರೇನೋ ಎಂದು ತಿರುಗಿದೆ. ಅವರು ಯಾವತ್ತಿನ ಹಾಗೆಯೇ ತಣ್ಣಗೆ ಹೇಳಿದರು.

"ನೀರುಳ್ಳಿ ಉಜ್ಜಿದ ಮೇಲೆ ಬರುದು ಮೊದಲ್ನೇದು ಅಂತ ನಿನ್ನ ಕೈಗೆ ಗೊತ್ತುಂಟು. ಕ್ಯಾಮೆರಾ ಹಾಕುವ ಮೊದಲು ಒಂದು ಹೊಯ್ದು ಅಮ್ಮನದ್ದು ಅಮ್ಮನಿಗೆ ಇಟ್ಟುಬಿಡು. ಎರಡನೇದು ಮಾರಲಿಕ್ಕೆ ನಿನಗೆಂತ ಕಷ್ಟ?"

ಅತ್ತೆ ಹೋದಾಗಿನಿಂದ ಪುಣ್ಯ ನಿನಗೆ ಎಂದು ಕೆಣಕುತ್ತ ಬಂದ ಮನುಷ್ಯ. ಅವರ ಬಾಯಲ್ಲಿ ಅಮ್ಮನದ್ದು ಎಂಬ ಮಾತು ಕೇಳಿ ನನಗೆ ಕಣ್ಣು ತುಂಬಿತು, ಆದರೆ ಸಮಯ ಇರಲಿಲ್ಲ. ಹಾಗೆಯೇ ಮಾಡಿದೆವು. ಕ್ಯಾಮೆರಾ ತಿರುಗುವ ಮೊದಲು ಒಂದು ಹೊಯ್ದು ಕಿಟಕಿಗೆ ಇಟ್ಟೆ. ಆಮೇಲಿನದ್ದು ಒಂದಿಷ್ಟೂ ತಡವರಿಸದೆ ನೇರ ತಟ್ಟೆಗೆ ಹೋಯಿತು. ಕಟ್, ಓಕೆ. ಐದು ಗಂಟೆಗೆ ಬಾಗಿಲು ತೆರೆದಾಗ ವಯರುಗಳನ್ನು ಇನ್ನೂ ಸುತ್ತುತ್ತಿದ್ದರು. ಮಗಳು ಹೋಗುವಾಗ ನನ್ನ ಭುಜ ಹಿಡಿದು ಒತ್ತಿದಳು. ಅವಳ ಗುರುತು ನಿಂತಿತು, ಇನ್ನು ಹೆಸರೂ ನಿಲ್ಲುತ್ತದೆ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಎರಡು ತಿಂಗಳ ಮೇಲೆ ಸೂರತ್ತಿನಲ್ಲಿ ಭಾವನ ಹೊಸ ಮನೆಯ ಒಕ್ಕಲು. ಮರುದಿನ ನೆಂಟರೆಲ್ಲ ನಡುಮನೆಯಲ್ಲಿ ಕೂತು ಉಳಿದ ಹೋಳಿಗೆ ತಿನ್ನುತ್ತಿದ್ದರು. ಗೋಡೆಯಷ್ಟು ದೊಡ್ಡ ಹೊಸ ಟಿವಿ. ಭಾವನ ದೊಡ್ಡ ಮಗ ಫೋನು ನೋಡುತ್ತಿದ್ದವನು, ತಂಗಿ ಎಂತದೋ ಕಳಿಸಿದ್ದಾಳೆ, ಇವತ್ತು ಬಿಡುಗಡೆಯಂತೆ ಎಂದು ಅದನ್ನು ಟಿವಿಗೆ ಹಾಕಿಯೇಬಿಟ್ಟ. ನನ್ನ ಬಾಯೊಳಗಿನ ಹೋಳಿಗೆ ಅಲ್ಲೇ ನಿಂತಿತು. ನಾನು ನಮ್ಮವರ ಮುಖ ನೋಡಿದೆ. ಅವರು ಫ್ಯಾನು ನೋಡಿದರು.

ನಾಯಕ ಬಂದ, ಕಾಫಿ ಹೇಳಿದ. ಓರಗಿತ್ತಿ ಮೊದಲು ಗೋಡೆ ಗುರುತು ಹಿಡಿದಳು. ಇದು ನಿಮ್ಮ ಹೋಟೆಲು, ಎಂದಳು. ಕೈ ಬಂತು, ದೋಸೆ ಹೊಯ್ದಿತು, ಕಿಟಕಿಯಲ್ಲಿಟ್ಟಿತು. ಆ ಮನೆಯಲ್ಲಿ ಎಲ್ಲರಿಗೂ ಅದು ಯಾರ ಕ್ರಮ ಎಂದು ಗೊತ್ತು. ನಾಯಕ ಕೈ ತೊಳೆಯಲು ಹೋದ, ಬಾಗಿಲು ತೆಗೆದ, ಹೊರಗೆ ಬಂದ. ಗಡಿಯಾರದ ಕೈ ಬಂತು. ನೀರುಳ್ಳಿ ಉಜ್ಜಿತು, ಹೊಯ್ದಿತು, ಮಗುಚಿತು, ದೋಸೆ ಎತ್ತಿತು. ನೇರ ತಟ್ಟೆಗೆ ಹೋಗುತ್ತದೆಂದು ನಾನು ಕಾದೆ.

ಹೋಗಲಿಲ್ಲ. ಕೈ ಕಿಟಕಿಯ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ದೋಸೆಯ ಅಂಚು ಸ್ವಲ್ಪ ನಡುಗಿತು. ಆಮೇಲೆ ಹಿಂದಕ್ಕೆ ಬಂದು ಅದನ್ನು ತಟ್ಟೆಗೆ ಹಾಕಿತು. ಬೇಡ ಎಂದಿದ್ದ ಮೂರನೆಯ ಸಲದ್ದು. ನನ್ನ ತಪ್ಪು, ಗೋಡೆಯಷ್ಟು ದೊಡ್ಡದಾಗಿ.

ಓರಗಿತ್ತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ಹೆಂಗಸಿಗೂ ಒಳಗೆಲ್ಲೋ ಗೊತ್ತುಂಟು, ಪಾಪ, ಆದರೆ ಹೇಳಿಕೊಡುವವರು ಯಾರೂ ಇರಲಿಲ್ಲ, ಎಂದಳು. ಎರಡು ಲೋಕದ ನಿಯಮವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮೂರು ಗುಟುಕು ಚಹಾ ಕೂಡ ಬೇಕಾಗಲಿಲ್ಲ. ಕೊನೆಯಲ್ಲಿ ಹೆಸರುಗಳು ಬಂದಾಗ ಭಾವ ರಿಮೋಟು ಒತ್ತಿ ನಿಲ್ಲಿಸಿದರು. ಬರಹಗಾರರ ಪಟ್ಟಿಯಲ್ಲಿ ಐದನೆಯದು, ದೊಡ್ಡ ಗುಜರಾತಿ ಅಕ್ಷರದಲ್ಲಿ, ಮಗಳ ಹೆಸರು, ಅಪ್ಪನ ಹೆಸರು, ನಮ್ಮ ಮನೆತನದ ಹೆಸರು. ಭಾವ ನಿಧಾನಕ್ಕೆ ಓದಿ ನನ್ನ ಕಡೆ ತಿರುಗಿದರು. ಹುಡುಗಿ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ ಅಂದಿದ್ದೆಯಲ್ಲ, ಎಂದು ಕೇಳಿದರು.

"ಸುಳ್ಳು ಹೇಳಿದ್ದೆ ಭಾವ. ನಾಚಿಕೆಯಾಗಿತ್ತು. ಅವಳು ಕಥೆ ಬರೀತಾಳೆ. ಆ ಕೈ ನನ್ನದು, ಆ ಕಥೆ ಅವಳದ್ದು."

ಹೇಳುವಾಗ ದನಿ ತಗ್ಗಿಸಲಿಲ್ಲ, ಇಡೀ ಮನೆಗೆ ಕೇಳುವ ಹಾಗೆಯೇ ಹೇಳಿದೆ. ಭಾವ ಬೈಯಲಿಲ್ಲ. ರಿಮೋಟು ಒತ್ತಿ ಮತ್ತೆ ಮೊದಲಿನಿಂದ ಹಾಕಿದರು. ಅತ್ತೆಯ ಫೋಟೋ ಇದ್ದ ಗೋಡೆಯ ಕಡೆಗೆ ಒಮ್ಮೆ ನೋಡಿ, ಅಮ್ಮ ಇದ್ದಿದ್ದರೆ ಇದನ್ನು ನೋಡುತ್ತಿದ್ದರು, ಎಂದರು. ಅಷ್ಟೇ. ನನ್ನ ಮೈಯಲ್ಲಿ ಹುಟ್ಟಿದ ಹೆಮ್ಮೆ ಆ ಹೊತ್ತು ಎಷ್ಟಿತ್ತೆಂದರೆ ಇನ್ನೆರಡು ಹೋಳಿಗೆ ಹೆಚ್ಚು ತಿಂದೆ.

ಮಹಡಿಗೆ ಹೋಗಿ ಮಗಳಿಗೆ ಫೋನು ಮಾಡಿದೆ. ಮೊದಲು ಬೈದೆ. ಸರಿಯಾದದ್ದನ್ನು ಬಿಟ್ಟು ತಪ್ಪಿದ್ದನ್ನೇ ಊರಿಗೆಲ್ಲ ತೋರಿಸಿದ್ದು ಎಂತಕ್ಕೆ ಎಂದು ಕೇಳಿದೆ. ಆ ಕೋಣೆಯಲ್ಲಿ ಅದಕ್ಕಾಗಿ ಮೂರು ದಿನ ಜಗಳಾಡಿದ್ದಾಳಂತೆ. ಹಿರಿಯ ಬರಹಗಾರ ಬೇಡವೇ ಬೇಡ ಎಂದದ್ದಕ್ಕೆ ಮೇಜು ಕುಟ್ಟಿದ್ದಾಳಂತೆ. ಮೇಜು ಕುಟ್ಟಿದ್ದು ಯಾರ ಗುಣ ಎಂದು ನಾನು ಕೇಳಲಿಲ್ಲ.

"ಎಲ್ಲ ಚೇಂಜ್ ಆದ್ರೂ ಚೇಂಜ್ ಆಗದ ಒಂದು ಚೀಜ್ ಬೇಕು ಅಂದಿದ್ದೆ ಅಲ್ವಾ ಅಮ್ಮ? ನಾನು ಎಷ್ಟು ಹುಡುಕಿದೆ. ಅದು ನಿನ್ನ ಮಿಸ್ಟೇಕ್‌ನಲ್ಲಿ ಇತ್ತು."

ಮುಂದಿನ ತಿಂಗಳು ನಾನು ಅಹಮದಾಬಾದಿಗೆ ಹೋದೆ. ಅವಳು ಇನ್ನಿಬ್ಬರು ಹುಡುಗಿಯರ ಜೊತೆ ಮೂರನೆಯ ಮಹಡಿಯಲ್ಲಿ ಇದ್ದಾಳೆ. ಆ ಮನೆ ನನಗೆ ನಿಜವಾಗಿಯೂ ಬೇರೆ ಲೋಕ. ದೇವರ ಪಟ ಇಲ್ಲ, ಸೌಟು ಇಲ್ಲ, ಒಂದು ಕನ್ನಡ ಕ್ಯಾಲೆಂಡರೂ ಇಲ್ಲ. ಗೋಡೆ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿದ್ದಾಳೆ, ಎಲ್ಲದರಲ್ಲೂ ಗುಜರಾತಿ. ಬೆಳಿಗ್ಗೆ ನಾನು ಎದ್ದು ಬರುವುದರೊಳಗೆ ಅವಳು ಅಡುಗೆಮನೆಯಲ್ಲಿದ್ದಳು. ಅಂಗಡಿಯ ಪ್ಯಾಕೆಟ್ ಹಿಟ್ಟು. ನಾನ್‌ಸ್ಟಿಕ್ ಕಾವಲಿ. ನಾನು ಹಲ್ಲು ಕಚ್ಚಿ ಸುಮ್ಮನೆ ಬಾಗಿಲಲ್ಲಿ ನಿಂತೆ. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮುಂದಿನ ಕಂತಿನ ಬಗ್ಗೆ ಯಾರೊಂದಿಗೋ ಗುಜರಾತಿಯಲ್ಲಿ ವಾದ ಮಾಡುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಿಲ್ಲ.

ಮೊದಲ ದೋಸೆ ಹೊಯ್ದಳು. ನಾನ್‌ಸ್ಟಿಕ್‌ನಲ್ಲಿ ಮೊದಲನೆಯದೂ ಅಂಟುವುದಿಲ್ಲ, ಹರಿಯುವುದಿಲ್ಲ. ಚಂದ್ರನ ಹಾಗೆ ದುಂಡಗೆ, ಚಿನ್ನದ ಬಣ್ಣಕ್ಕೆ ಎದ್ದುಬಂತು. ನಮ್ಮವರು ಅಲ್ಲಿ ಇರಬೇಕಿತ್ತು. ಅವಳು ಮಾತು ನಿಲ್ಲಿಸದೆ, ಆ ಕಡೆ ತಿರುಗಿ ಕೂಡ ನೋಡದೆ, ಅದನ್ನು ಎತ್ತಿ ಕಿಟಕಿಯ ಸರಳಿನ ಹೊರಗಿದ್ದ ಒಂದು ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಎರಡು ಪಾರಿವಾಳ ಆಗಲೇ ಬಂದು ಕಾದು ಕೂತಿದ್ದವು.

ಎರಡನೆಯದು ನನ್ನ ತಟ್ಟೆಗೆ ಬಂತು. ಉಪ್ಪು ಕಡಿಮೆ ಇತ್ತು. ನಾನು ಹೇಳಲಿಲ್ಲ, ಇನ್ನೊಂದು ಹಾಕು ಎಂದೆ.